ಸಂಕೀರ್ಣತೆ ಅಂದ್ರೇನು, ಆ ಮಾತನ್ನು ಎಲ್ಲಿ ಬಳಸಬೇಕು? ಕೋಲಾರದ ಕೆರೆ, ಬೋರ್‌ವೆಲ್, ಟೊಮೇಟೊ ಹಿಡಿದು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಕಡೆ ನೀರಿನ ವಿಚಾರಕ್ಕೆ ಎಲ್ಲೇ ಸಭೆ ಕೂಡಲಿ, ಸ್ವಲ್ಪ ಹೊತ್ತಿಗೆ ಯಾರಾದರೂ ಒಬ್ಬರು ಎದ್ದು "ಇದು ತುಂಬಾ ಸಂಕೀರ್ಣವಾದ ಸಮಸ್ಯೆ" ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಅದು ಅಲ್ಲಿ ನಿಂತುಬಿಡುತ್ತಲ್ಲ, ನನಗೆ ಬೇಜಾರಾಗುವುದು ಅದಕ್ಕೆ. ಸಂಕೀರ್ಣ ಅಂತ ಹೇಳಿದ ಮೇಲೆ ನಿಜವಾದ ಕೆಲಸ ಶುರುವಾಗಬೇಕು. ಯಾವುದು ಯಾವುದಕ್ಕೆ ತಗುಲಿಕೊಂಡಿದೆ, ಇಲ್ಲಿ ಎಳೆದರೆ ಎಲ್ಲಿ ಜಗ್ಗುತ್ತದೆ ಅಂತ ಹುಡುಕುವ ಕೆಲಸ ಅದು.

ಪಿಯುಸಿ, ಡಿಗ್ರಿ ಓದುವ ಮಕ್ಕಳು, ರೈತರು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ನಮ್ಮ ಜಿಲ್ಲೆಯವೇ. ಕಣ್ಣೆದುರಿಗೇ ಇಷ್ಟು ಚೆನ್ನಾಗಿ ಕಾಣುವಾಗ ದೂರ ಹೋಗುವುದು ಯಾಕೆ?

ಸಂಕೀರ್ಣತೆ ಅಂದ್ರೆ ಚಿಕ್ಕದಾಗಿ ಹೇಳಿ, ಏನು?

ಬಹಳ ಭಾಗಗಳು ಇರಬೇಕು. ಅವು ಒಂದಕ್ಕೊಂದು ತಗುಲಿಕೊಂಡಿರಬೇಕು. ಒಂದು ಬದಲಾದರೆ ಇನ್ನೊಂದು ಅದನ್ನು ನೋಡಿ ತನ್ನ ನಡೆ ಬದಲಿಸಬೇಕು. ಆ ಬದಲಾವಣೆ ಸುತ್ತಿ ಬಂದು ಮೊದಲನೆಯದಕ್ಕೂ ತಟ್ಟಬೇಕು. ಹೀಗಿದ್ದಾಗ ಒಟ್ಟು ವ್ಯವಸ್ಥೆ ತೋರಿಸುವ ಗುಣವನ್ನು ಯಾವ ಒಂದು ಭಾಗದಲ್ಲೂ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ಇದೇ ಸಂಕೀರ್ಣತೆ.

ಎಲ್ಲ ವಿಜ್ಞಾನಿಗಳೂ ಒಪ್ಪಿದ ಒಂದೇ ವ್ಯಾಖ್ಯೆ ಇಲ್ಲ. ಗಣಿತದವರು ಒಂದು ಹೇಳುತ್ತಾರೆ, ಕಂಪ್ಯೂಟರಿನವರು ಇನ್ನೊಂದು. ಅದನ್ನು ಕೆಳಗೆ ನೋಡೋಣ. ದಿನನಿತ್ಯದ ಬಳಕೆಗೆ ಮೇಲಿನ ಐದಾರು ಸಾಲು ಸಾಕು.

ಕಷ್ಟ, ಕ್ಲಿಷ್ಟ, ಜಟಿಲ, ಸಂಕೀರ್ಣ, ಎಲ್ಲಾ ಒಂದೇ ಅಲ್ವಾ?

ಮಾತಾಡುವಾಗ ಒಂದರ ಜಾಗದಲ್ಲಿ ಇನ್ನೊಂದು ಬಂದುಬಿಡುತ್ತದೆ. ಆದರೆ ಬೇರೆ ಬೇರೆ ಇಟ್ಟುಕೊಂಡರೆ ಯೋಚನೆ ಸ್ಪಷ್ಟವಾಗುತ್ತದೆ.

ಐವತ್ತು ಕೆ.ಜಿ. ಮೂಟೆ ಹೊತ್ತು ಶತಶೃಂಗ ಬೆಟ್ಟ ಹತ್ತುವುದು ಕಷ್ಟ. ಅದರಲ್ಲಿ ಸಂಕೀರ್ಣ ಏನೂ ಇಲ್ಲ. ಓದಲು ಬಿಗಿಯಾದ ಬರಹ ಕ್ಲಿಷ್ಟ. ಸಬ್‌ಮರ್ಸಿಬಲ್ ಮೋಟಾರಿನ ಒಳಗೆ ಭಾಗಗಳು ಜಾಸ್ತಿ, ಬಿಚ್ಚಿ ಜೋಡಿಸೋಕೆ ಗೊತ್ತಿರುವವರೇ ಬೇಕು, ಹಾಗಾಗಿ ಅದು ಜಟಿಲ. ಆದರೆ ಇವತ್ತು ಬಿಚ್ಚಿ ಜೋಡಿಸಿದಂತೆಯೇ ನಾಳೆಯೂ ಮಾಡಬಹುದು. ಮೋಟಾರು ನಿಮ್ಮನ್ನು ನೋಡಿ ತನ್ನ ಗುಣ ಬದಲಿಸುವುದಿಲ್ಲ. ಆ ಮೋಟಾರು ಇಳಿಬಿಟ್ಟಿರುವ ಅಂತರ್ಜಲ, ಅದನ್ನು ಎತ್ತುವ ಊರಿನ ಜನ, ಅವರು ಬೆಳೆಯುವ ಬೆಳೆ, ಆ ಬೆಳೆಯ ಬೆಲೆ, ಇಷ್ಟನ್ನೂ ಒಟ್ಟಿಗೆ ನೋಡಿದರೆ ಅದು ಸಂಕೀರ್ಣ.

ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಜಟಿಲ, ಸಂಕೀರ್ಣ ಎರಡೂ ಒಂದೇ ಕಡೆ ಇದ್ದವು. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಅಲ್ಲಿಗೆ ಕರೆಂಟು ತಂದರು. ಆ ಕಾಲಕ್ಕೆ ಅದು ಬಹಳ ದೊಡ್ಡ ಕೆಲಸ, ಬಹಳ ಜಟಿಲವಾದ ಕೆಲಸ. ಶಾಫ್ಟು, ಅದರಲ್ಲಿ ಜನರನ್ನು ಇಳಿಸಿ ಹತ್ತಿಸುವ ಯಂತ್ರ, ನೀರು ಹೊರಹಾಕುವ ಪಂಪು, ಇವನ್ನೆಲ್ಲ ಎಂಜಿನಿಯರುಗಳು ಲೆಕ್ಕ ಹಾಕಿ ಮಾಡಿ ಮುಗಿಸಿದರು. ಆದರೆ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಹೋದಾಗ ಬಂಡೆ ಬೇರೆ ಥರ ನಡೆದುಕೊಂಡಿತು. ಅದಿರು ತೆಗೆದ ಜಾಗ ಖಾಲಿಯಾದಾಗ ಅದು ಹೊತ್ತಿದ್ದ ಭಾರ ಪಕ್ಕದ ಬಂಡೆಗೆ ಹೋಗುತ್ತದೆ. ಅಲ್ಲೂ ತೆಗೆದರೆ ಅದರ ಪಕ್ಕಕ್ಕೆ. ಎಲ್ಲೋ ಒಂದು ಕಡೆ ತಾಳಲಾರದೆ ಬಂಡೆ ಸಿಡಿಯುತ್ತದೆ. ರಾಕ್‌ಬರ್ಸ್ಟ್ ಅಂತ ಗಣಿಯವರು ಹೆದರುತ್ತಿದ್ದದ್ದು ಇದಕ್ಕೇ. ಎಷ್ಟೋ ಕಾರ್ಮಿಕರ ಜೀವ ಇದರಲ್ಲಿ ಹೋಗಿದೆ. ಅಗೆಯುವ ಕೆಲಸವೇ ಅಗೆಯುವ ಜಾಗವನ್ನು ಬದಲಿಸುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಒಳಗೆ ನೀರು ತುಂಬಿಕೊಂಡ ಮೇಲೂ ಅಲ್ಲಿ ಕಂಪನಗಳು ದಾಖಲಾಗಿವೆ.

ನಮ್ಮೂರಲ್ಲಿ ಕಾಂಪ್ಲೆಕ್ಸ್ ಅಂದ್ರೆ ಗೊಬ್ಬರ. ಪೇಟೆಯಲ್ಲಿ ಅಂಗಡಿ ಕಟ್ಟಡ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ, ಆದರೆ ದೂರದ್ದು. ಸಾರಜನಕ, ರಂಜಕ, ಪೊಟ್ಯಾಷ್ ಒಟ್ಟಿಗೆ ಸೇರಿದ್ದಕ್ಕೆ ಕಾಂಪ್ಲೆಕ್ಸ್ ಗೊಬ್ಬರ. ಚೀಲದ ಮೇಲಿನ 17:17:17, 10:26:26 ಅಂದರೆ ಆ ಮೂರರ ಪ್ರಮಾಣ. ಎಂಟು ವಿಟಮಿನ್ ಸೇರಿದ್ದು ಬಿ-ಕಾಂಪ್ಲೆಕ್ಸ್. ಹಲವು ಅಂಗಡಿ ಸೇರಿದ್ದು ವಾಣಿಜ್ಯ ಸಂಕೀರ್ಣ. ಇಲ್ಲೆಲ್ಲ "ಒಟ್ಟಿಗೆ ಸೇರಿದ್ದು" ಅನ್ನುವ ಅರ್ಥ ಮಾತ್ರ. ಸಂಗೀತ ಕಲಿತವರಿಗೆ ಸಂಕೀರ್ಣ ಜಾತಿ ಅಂದರೆ 9 ಅಕ್ಷರದ ಲಘು. ಮನಶ್ಶಾಸ್ತ್ರದ ಕಾಂಪ್ಲೆಕ್ಸ್ ಬೇರೆಯೇ. ಅದಕ್ಕೆ ಕನ್ನಡದಲ್ಲಿ ಕೀಳರಿಮೆ, ಮೇಲರಿಮೆ ಅಂತ ಒಳ್ಳೆಯ ಪದಗಳು ಆಗಲೇ ಇವೆ. ಈ ಪುಟದ ವಿಷಯ ಇವು ಯಾವುವೂ ಅಲ್ಲ.

ಕೆರೆಯಲ್ಲಿ ಏನು ಸಂಕೀರ್ಣ? ಮಳೆ ಬಂದ್ರೆ ತುಂಬುತ್ತೆ, ಬರದಿದ್ರೆ ಇಲ್ಲ, ಅಷ್ಟೇ ತಾನೆ?

ಒಂದೇ ಕೆರೆ ಇದ್ದಿದ್ದರೆ ಹೆಚ್ಚು ಕಡಿಮೆ ಅಷ್ಟೇ. ಆದರೆ ನಮ್ಮಲ್ಲಿ ಕೆರೆ ಒಂಟಿಯಾಗಿ ಇಲ್ಲ.

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಹೆಸರಿಗೆ ಇವೆ, ಮಳೆಗಾಲ ಬಿಟ್ಟರೆ ಮರಳು. ವರ್ಷದ ಮಳೆ ಸುಮಾರು 700ರಿಂದ 750 ಮಿಲಿಮೀಟರ್. ಅದರಲ್ಲಿ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ಆಸುಪಾಸಿನಲ್ಲಿ. ಹಾಗಾಗಿ ಹಿಂದಿನವರು ಹಳ್ಳದ ಉದ್ದಕ್ಕೂ ಒಂದರ ಕೆಳಗೆ ಒಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹೋದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಪಾಲಾರ್ ಹರಿವಿನಲ್ಲಿರುವ ಬೇತಮಂಗಲದ ಕೆರೆ ಒಂದು ಕಾಲದಲ್ಲಿ ಕೆ.ಜಿ.ಎಫ್.ಗೆ ಕುಡಿಯುವ ನೀರು ಕೊಟ್ಟಿತು. ಆ ಕೆರೆಗೆ ನೀರು ಬರಬೇಕಾದರೆ ಮೇಲೆ ಎಷ್ಟೋ ಊರುಗಳ ಕೆರೆ ತುಂಬಿರಬೇಕು.

ಹಳೇ ಕೆರೆಯ ಏರಿ ಮೇಲೆ ನಿಂತು ಒಳಗೆ ನೋಡಿ. ಏರಿಗೆ ಹತ್ತಿರದಲ್ಲೇ ಎರಡು ಕಲ್ಲು ಕಂಬ ನಿಂತಿರುತ್ತವೆ. ಅವುಗಳ ನಡುವೆ ತೂತು ಕೊರೆದ ಅಡ್ಡ ಚಪ್ಪಡಿ. ಆ ತೂತಿನೊಳಗೆ ಉದ್ದನೆಯ ಮರದ ಗೂಟ ಇಳಿಬಿಟ್ಟಿರುತ್ತಾರೆ. ಗೂಟದ ತುದಿ ತಳದಲ್ಲಿರುವ ಕಲ್ಲಿನ ಕುಣಿಯನ್ನು ಮುಚ್ಚುತ್ತದೆ. ಇದೇ ತೂಬು. ನೀರುಗಂಟಿ ಹೋಗಿ ಗೂಟ ಎತ್ತಿದರೆ ಏರಿಯ ಅಡಿಯಲ್ಲಿ ನೀರು ಹೊರಟು ಅಚ್ಚುಕಟ್ಟಿನ ಕಾಲುವೆಗೆ ಬೀಳುತ್ತದೆ. ಎಷ್ಟು ಎತ್ತಬೇಕು, ಯಾವತ್ತು ಎತ್ತಬೇಕು, ಯಾರ ಗದ್ದೆಗೆ ಮೊದಲು ಅನ್ನುವುದೆಲ್ಲ ಅವನ ತಲೆಯಲ್ಲಿ ಇರುತ್ತಿತ್ತು. ಅವನಿಗೆ ಫಸಲಿನಲ್ಲಿ ಒಂದು ಪಾಲು ಸಿಗುತ್ತಿತ್ತು. ಈಗ ಇನ್ನೊಂದು ತುದಿಗೆ ಬನ್ನಿ. ಅಲ್ಲಿ ಏರಿಗಿಂತ ತಗ್ಗಿನಲ್ಲಿ ಕಲ್ಲು ಕಟ್ಟಿದ ಕೋಡಿ. ತೂಬು ಮನುಷ್ಯನ ಕೈಯಲ್ಲಿ, ಕೋಡಿ ಯಾರ ಕೈಯಲ್ಲೂ ಇಲ್ಲ. ನೀರು ಅಷ್ಟು ಎತ್ತರಕ್ಕೆ ಬಂದರೆ ಹರಿಯುತ್ತದೆ, ಒಂದು ಗೇಣು ಕಡಿಮೆ ಇದ್ದರೂ ಇಲ್ಲ.

ಸಂಕೀರ್ಣತೆ ಇರುವುದು ಈ ಕೋಡಿಯಲ್ಲಿ. ಒಂದು ಲೆಕ್ಕ ಮಾಡೋಣ. ಮೇಲಿನ ಕೆರೆ 100 ಪಾಲು ನೀರು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಒಂದು ವರ್ಷ 120 ಪಾಲು ನೀರು ಬಂತು, 20 ಪಾಲು ಕೆಳಕ್ಕೆ ಹೋಯಿತು. ಮರುವರ್ಷ 102 ಪಾಲು ಬಂತು, ಕೆಳಕ್ಕೆ ಹೋಗಿದ್ದು 2 ಪಾಲು. ಮೇಲಿನ ಊರಿಗೆ ನೀರು ಕಡಿಮೆಯಾಗಿದ್ದು ನೂರಕ್ಕೆ 15ರಷ್ಟು. ಅವರ ಕೆರೆ ಎರಡೂ ವರ್ಷ ತುಂಬಿದೆ, ಅವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕೆಳಗಿನವರಿಗೆ ಕೋಡಿಯಿಂದ ಬರುವ ನೀರು ಕಡಿಮೆಯಾಗಿದ್ದು ನೂರಕ್ಕೆ 90ರಷ್ಟು. ಕೆಳಗಿನ ಕೆರೆಗೆ ತನ್ನದೇ ಜಲಾನಯನವೂ ಇರುತ್ತದೆ, ಅದನ್ನು ಸದ್ಯಕ್ಕೆ ಬಿಡಿ. ಮೇಲೆ ಆದ ಸಣ್ಣ ಬದಲಾವಣೆ ಕೆಳಗೆ ಹೋಗುವಷ್ಟರಲ್ಲಿ ಇಷ್ಟು ದೊಡ್ಡದಾಗುತ್ತದೆ. ಕಾರಣ ಎಷ್ಟಿದೆಯೋ ಪರಿಣಾಮವೂ ಅಷ್ಟೇ ಇರುತ್ತದೆ ಅನ್ನುವ ನಮ್ಮ ಅಂದಾಜು ಇಲ್ಲಿ ನಡೆಯುವುದಿಲ್ಲ.

ಹಾಗಾದ್ರೆ ಮೇಲಿನವರು ಹೂಳು ಎತ್ತಿದ್ದು ತಪ್ಪಾ?

ತಪ್ಪಲ್ಲ. ಹೂಳು ತೆಗೆಯಲೇಬೇಕು. ಆದರೆ ಅದೇ ಲೆಕ್ಕ ಮುಂದುವರಿಸಿ. ಹೂಳೆತ್ತಿದ ಮೇಲೆ ಕೆರೆ 115 ಪಾಲು ಹಿಡಿಯುತ್ತದೆ. ಈಗ 120 ಪಾಲು ಬಂದ ವರ್ಷವೂ ಕೆಳಗೆ ಹೋಗುವುದು 5. ಮೊದಲು ಹೋಗುತ್ತಿದ್ದದ್ದು 20. ಇದರ ಜೊತೆ ಮೇಲಿನ ಹೊಲಗಳಲ್ಲಿ ಕೃಷಿ ಹೊಂಡ, ಹಳ್ಳಕ್ಕೆ ಚೆಕ್ ಡ್ಯಾಂ ಬಂದವು. ಒಂದೊಂದೂ ಒಳ್ಳೆಯ ಕೆಲಸ. ಎಲ್ಲವೂ ಒಂದೇ ಹಳ್ಳದಲ್ಲಿ ಸೇರಿದಾಗ ಕೆಳಗಿನ ಕೆರೆ ವರ್ಷಗಟ್ಟಲೆ ಕೋಡಿ ಕಾಣದೆ ಹೋಗಬಹುದು. ಆಗ ಕೆಳಗಿನ ಊರಿನವರು ಮಳೆಯನ್ನು ಬೈಯುತ್ತಾರೆ.

ನನ್ನ ಅಭಿಪ್ರಾಯ ಇಷ್ಟು: ಯೋಜನೆಯನ್ನು ಒಂದು ಕೆರೆಗೆ ಮಾಡಬಾರದು, ಇಡೀ ಸರಪಳಿಗೆ ಮಾಡಬೇಕು. ಯಾವ ಕೆರೆಯ ಹೂಳು ಮೊದಲು, ಎಷ್ಟು ಆಳಕ್ಕೆ ಅನ್ನುವುದನ್ನು ಮೇಲಿನ ಊರು, ಕೆಳಗಿನ ಊರು ಒಟ್ಟಿಗೆ ಕೂತು ತೀರ್ಮಾನಿಸಬೇಕು. ಪಂಚಾಯಿತಿ ಗಡಿ ಒಂದು ಕಡೆ, ನೀರಿನ ದಾರಿ ಇನ್ನೊಂದು ಕಡೆ ಹೋಗುವುದರಿಂದ ಇದು ಆಗುತ್ತಿಲ್ಲ.

ಬೋರ್ ಬತ್ತಿತು, ಇನ್ನೂ ಆಳಕ್ಕೆ ಕೊರೆಸಿದ್ವಿ. ಇದರಲ್ಲಿ ಸಂಕೀರ್ಣ ಎಲ್ಲಿ ಬಂತು?

ನೀವು ಕೊರೆಸಿದ ಮೇಲೆ ಪಕ್ಕದವರು ಏನು ಮಾಡಿದರು ಅನ್ನುವುದರಲ್ಲಿ.

ನಮ್ಮ ನೆಲದ ಕೆಳಗೆ ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ನಿಮ್ಮ ಬಿರುಕು, ಪಕ್ಕದವರ ಬಿರುಕು ಒಳಗೆ ಸೇರಿರಬಹುದು. ನೀವು ಆಳಕ್ಕೆ ಹೋದರೆ ಅವರ ಬೋರು ಒಣಗುತ್ತದೆ. ಅವರು ಸಾಲ ಮಾಡಿ ರಿಗ್ ಲಾರಿ ಕರೆಸಿ ನಿಮಗಿಂತ ನೂರಡಿ ಕೆಳಕ್ಕೆ ಹೋಗುತ್ತಾರೆ. ಈಗ ನಿಮ್ಮದು ಒಣಗುತ್ತದೆ. ತೆರೆದ ಬಾವಿ ಹೋಗಿ 300 ಅಡಿ ಆಯಿತು, ಈಗ ಸಾವಿರ ಅಡಿ ದಾಟಿ 1,500ರವರೆಗೂ ಹೋಗಿದ್ದೇವೆ. ಯಾರೂ ಊರಿಗೆ ಕೆಟ್ಟದ್ದು ಮಾಡಬೇಕು ಅಂತ ಹೊರಟಿರಲಿಲ್ಲ. ಎಲ್ಲರೂ ತಮ್ಮ ಬೆಳೆ ಉಳಿಸಿಕೊಳ್ಳಲು ಹೊರಟವರೇ. ಮಾಡಿದ್ದು ಸುತ್ತಿ ಬಂದು ಮಾಡಿದವನಿಗೇ ತಟ್ಟಿ, ಅದನ್ನೇ ಇನ್ನೂ ಜಾಸ್ತಿ ಮಾಡುವಂತೆ ಮಾಡುವುದಕ್ಕೆ ವಿಜ್ಞಾನದಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ. ಹೆಸರಿನಲ್ಲಿ ಪಾಸಿಟಿವ್ ಇದ್ದರೂ ಅದು ಒಳ್ಳೆಯದು ಅಂತ ಅರ್ಥವಲ್ಲ.

ಸುತ್ತು ಅಲ್ಲಿಗೇ ಮುಗಿಯುವುದಿಲ್ಲ. ಬೋರು ಬಂದ ಮೇಲೆ ಕೆರೆ ನೀರಿನ ಅಗತ್ಯ ಕಡಿಮೆಯಾಯಿತು. ನೀರುಗಂಟಿಗೆ ಕೆಲಸ ಇಲ್ಲವಾಯಿತು, ಕಾಲುವೆಗೆ ಗಿಡ ಬೆಳೆಯಿತು, ಒತ್ತುವರಿ ಆಯಿತು. ಕೆರೆ ತುಂಬದಿದ್ದರೆ ನೀರು ಇಂಗುವುದೂ ಕಡಿಮೆ. ಇಂಗದಿದ್ದರೆ ಬೋರು ಇನ್ನೂ ಆಳಕ್ಕೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಹಾಗಾಗಿ ಆಳದಿಂದ ಎತ್ತುವ ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ. ಆಳದ ನೀರು ಬಂಡೆಯೊಳಗೆ ಬಹಳ ಕಾಲ ಇದ್ದು ಫ್ಲೋರೈಡ್ ಕರಗಿಸಿಕೊಂಡು ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು. ನಮ್ಮಲ್ಲಿ ಮೀರಿದ ಊರುಗಳು ಬೇಕಾದಷ್ಟಿವೆ. ಫ್ಲೋರೈಡಿನಿಂದ ಮಕ್ಕಳ ಹಲ್ಲಿಗೆ ಬರುವ ಕಂದು ಕಲೆಗೂ ರಾಜಕಾಲುವೆಯ ಒತ್ತುವರಿಗೂ ಸಂಬಂಧ ಇದೆ ಅಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ನಡುವಿನ ಕೊಂಡಿಗಳನ್ನು ಒಂದೊಂದಾಗಿ ಹೇಳಿದರೆ ಒಪ್ಪುತ್ತಾರೆ. ನನಗೆ ಈ ವಿಷಯದ ಮೇಲೆ ಇಷ್ಟು ಆಸಕ್ತಿ ಹುಟ್ಟಲು ಕಾರಣ ಇದೇ.

ಡ್ರಿಪ್ ಹಾಕಿದ್ರೆ ನೀರು ಉಳಿಯುತ್ತೆ. ಇದಾದರೂ ಸರಳ ಅಲ್ವಾ?

ಒಂದು ಎಕರೆಗೆ ಖಂಡಿತ ಉಳಿಯುತ್ತದೆ. ಉಳಿದ ನೀರಿನಲ್ಲಿ ಇನ್ನೊಂದು ಎಕರೆ ನೆಟ್ಟರೆ ಬೋರಿನಿಂದ ಎತ್ತುವ ನೀರು ಮೊದಲಿನಷ್ಟೇ ಆಗುತ್ತದೆ, ಕೆಲವು ಸಲ ಜಾಸ್ತಿಯೂ ಆಗುತ್ತದೆ. 1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ವಿಚಾರದಲ್ಲಿ ಇದನ್ನೇ ಗಮನಿಸಿದ್ದರು. ಎಂಜಿನ್ನು ಕಡಿಮೆ ಕಲ್ಲಿದ್ದಲು ತಿನ್ನುವಂತೆ ಸುಧಾರಿಸಿದಷ್ಟೂ ದೇಶದಲ್ಲಿ ಒಟ್ಟು ಕಲ್ಲಿದ್ದಲಿನ ಬಳಕೆ ಏರಿತು. ಡ್ರಿಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಡ್ರಿಪ್ ಜೊತೆಗೆ ಒಟ್ಟು ಎಷ್ಟು ನೀರು ಎತ್ತಬಹುದು ಅನ್ನುವ ಮಿತಿಯೂ ಇರಬೇಕು.

ಕೆ.ಸಿ. ವ್ಯಾಲಿ ನೀರು ಬಂತಲ್ಲ, ಇನ್ನೇನು ಸಮಸ್ಯೆ?

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಮೊದಲು ನರಸಾಪುರ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಯೋಜನೆಯ ಮೊದಲ ಹಂತದ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು. ನೀರಿಲ್ಲದ ಬೋರುಗಳಿಗೆ ನೀರು ಬಂದಿದೆ, ಇದನ್ನು ರೈತರೇ ಹೇಳುತ್ತಾರೆ.

ಆದರೆ ಸರಪಳಿಗೆ ಒಂದು ಹೊಸ ಕೊಂಡಿ ಸೇರಿತು, ಅದೂ ಬೆಂಗಳೂರಿನಷ್ಟು ದೊಡ್ಡ ಕೊಂಡಿ. ಅಲ್ಲಿನ ಚರಂಡಿಗೆ ಏನು ಬೀಳುತ್ತದೆ ಅನ್ನುವುದು ಈಗ ಇಲ್ಲಿನ ಪ್ರಶ್ನೆ. ನೀರು ಶುದ್ಧವಾಗುವುದು ಎರಡನೇ ಹಂತದವರೆಗೆ ಮಾತ್ರ, ಅಂದರೆ ಸೂಕ್ಷ್ಮಜೀವಿಗಳಿಂದ ಕೊಳೆ ಕರಗಿಸುವವರೆಗೆ. ಉಳಿದದ್ದನ್ನು ಇನ್ನೂ ಸೋಸಿ ತೆಗೆಯುವ ಮೂರನೇ ಹಂತವೂ ಆಗಲಿ ಅಂತ ಇಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ನನಗೆ ಆ ಬೇಡಿಕೆ ನ್ಯಾಯವಾದದ್ದು ಅನ್ನಿಸುತ್ತದೆ. ಇನ್ನೊಂದು ವಿಷಯ ಯಾರೂ ಹೆಚ್ಚು ಮಾತಾಡುವುದಿಲ್ಲ. ಮೊದಲೇ ತುಂಬಿರುವ ಕೆರೆಗೆ ಜೋರು ಮಳೆ ಬಂದರೆ ನೀರು ಹಿಡಿಯಲು ಜಾಗ ಇರುವುದಿಲ್ಲ, ನೇರ ಕೋಡಿಗೆ ಹೋಗುತ್ತದೆ. ಒತ್ತುವರಿಯಾದ ಕಾಲುವೆಗೆ ಅದನ್ನು ತಾಳುವ ಶಕ್ತಿ ಇಲ್ಲ.

ಟೊಮೇಟೊ ಬೆಲೆ ಯಾಕೆ ಹೀಗೆ ಮೇಲೆ ಕೆಳಗೆ ಆಡುತ್ತೆ?

ಕೋಲಾರದ ಎಪಿಎಂಸಿಗೆ ಸೀಸನ್ನಿನಲ್ಲಿ ಬೆಳಿಗ್ಗೆ ಹೋಗಿ ನೋಡಿ. 15 ಕೆ.ಜಿ. ಬಾಕ್ಸುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹರಾಜು ಕೂಗುವವರು ಸಾಲಿನಿಂದ ಸಾಲಿಗೆ ನಡೆಯುತ್ತಾರೆ, ಹಿಂದೆ ವ್ಯಾಪಾರಿಗಳ ಗುಂಪು. ಒಂದು ಹಣ್ಣು ಒತ್ತಿ ನೋಡಿ, ಬಣ್ಣ ನೋಡಿ, ಕೆಲವೇ ಕ್ಷಣದಲ್ಲಿ ಬೆಲೆ ತೀರ್ಮಾನ. ಹೊರಗೆ ದೂರದ ರಾಜ್ಯಗಳಿಗೆ ಹೋಗುವ ಲಾರಿಗಳು ನಿಂತಿರುತ್ತವೆ. 2023ರ ಜುಲೈನಲ್ಲಿ ಇದೇ ಬಾಕ್ಸು 2,000 ರೂಪಾಯಿ ದಾಟಿತು. ಅದನ್ನು ನೋಡಿದ ಪ್ರತಿಯೊಬ್ಬರೂ ನರ್ಸರಿಗೆ ಓಡಿದರು. ನಾಟಿ ಮಾಡಿ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಎಲ್ಲರ ಹಣ್ಣೂ ಒಟ್ಟಿಗೆ ಮಂಡಿಗೆ ಬಂತು, ಬೆಲೆ ನೆಲ ಕಚ್ಚಿತು. ಬೆಲೆ ನೋಡಿ ಬೆಳೆದವರೇ ಬೆಲೆ ಇಳಿಸಿದರು. ಬೆಲೆ ಇಳಿದಿದ್ದು ನೋಡಿ ಬೆಳೆಯುವುದನ್ನು ಬಿಟ್ಟವರೇ ಮುಂದಿನ ಸಲ ಏರಿಸುತ್ತಾರೆ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಕಾಬ್‌ವೆಬ್, ಅಂದರೆ ಜೇಡರ ಬಲೆ, ಅನ್ನುವ ಹೆಸರಿದೆ. ಗಮನಿಸಬೇಕಾದ್ದು ನಡುವಿನ ತಡ. ನಿರ್ಧಾರಕ್ಕೂ ಫಲಕ್ಕೂ ನಡುವೆ ಎರಡು ಮೂರು ತಿಂಗಳ ಅಂತರ ಇರುವುದರಿಂದಲೇ ಈ ತೂಗಾಟ. ಇದರ ಮೇಲೆ ಬಿಳಿನೊಣ ಹರಡುವ ಎಲೆ ಮುದುರು ರೋಗ, ಬೇರೆ ಜಿಲ್ಲೆಯ ಮಳೆ, ದೂರದ ಮಾರುಕಟ್ಟೆ. 2021ರ ಕೊನೆಯಲ್ಲಿ ಸುರಿದ ಮಳೆ ವರ್ಷಗಳಿಂದ ಒಣಗಿದ್ದ ಕೆರೆಗಳನ್ನು ತುಂಬಿಸಿತು, ಅದೇ ಮಳೆ ಹೊಲದಲ್ಲಿದ್ದ ಟೊಮೇಟೊವನ್ನು ಕೊಳೆಸಿತು. ಒಂದೇ ಮಳೆಗೆ ಒಂದೇ ಮನೆಯಲ್ಲಿ ಸಂತೋಷವೂ ನಷ್ಟವೂ.

ವಿಜ್ಞಾನದಲ್ಲಿ ಈ ಮಾತು ಯಾವಾಗ ಮುಖ್ಯವಾಯಿತು?

ಅಮೆರಿಕದ ಗಣಿತಜ್ಞ ವಾರನ್ ವೀವರ್ 1948ರಲ್ಲಿ ಸಮಸ್ಯೆಗಳನ್ನು ಮೂರು ಬಗೆ ಮಾಡಿದರು. ಮೊದಲನೆಯದು ಎರಡು ಮೂರು ಅಂಶಗಳಿರುವ ಸರಳ ಸಮಸ್ಯೆ. ಎರಡನೆಯದರಲ್ಲಿ ಕೋಟ್ಯಂತರ ಅಂಶಗಳಿರುತ್ತವೆ, ಆದರೆ ಅವು ತಮ್ಮ ಪಾಡಿಗೆ ತಾವು ಓಡಾಡುತ್ತವೆ. ಡಬ್ಬಿಯೊಳಗಿನ ಗಾಳಿಯ ಅಣುಗಳು ಹಾಗೆ. ಅಲ್ಲಿ ಸರಾಸರಿ ಲೆಕ್ಕ ಸಾಕು. ಮೂರನೆಯದು ಇವೆರಡರ ನಡುವಿನದು. ಅಂಶಗಳು ಸಾಕಷ್ಟಿವೆ, ಒಂದಕ್ಕೊಂದು ಕ್ರಮವಾಗಿ ತಗುಲಿಕೊಂಡೂ ಇವೆ. ಸರಾಸರಿ ಇಲ್ಲಿ ಕೈಕೊಡುತ್ತದೆ. ಜಿಲ್ಲೆಯ ಸರಾಸರಿ ಮಳೆ ಚೆನ್ನಾಗಿದ್ದ ವರ್ಷವೂ ಕೆಳಗಿನ ಕೆರೆ ಒಣಗಿರಬಹುದು ಅಂತ ಮೇಲೆ ನೋಡಿದೆವಲ್ಲ, ಅದು ಈ ಮೂರನೇ ಬಗೆ.

1972ರಲ್ಲಿ ಭೌತವಿಜ್ಞಾನಿ ಫಿಲಿಪ್ ಆ್ಯಂಡರ್ಸನ್ ಇನ್ನೊಂದು ಮಾತು ಗಟ್ಟಿ ಮಾಡಿದರು. ಬಹಳಷ್ಟು ಸೇರಿದಾಗ ಹೊಸ ಗುಣವೇ ಹುಟ್ಟುತ್ತದೆ ಅಂತ. ನೀರಿನ ಒಂದು ಅಣುವಿಗೆ ಒದ್ದೆತನ ಇಲ್ಲ. 1984ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಸಾಂಟಾ ಫೆ ಇನ್‌ಸ್ಟಿಟ್ಯೂಟ್ ಇದನ್ನೇ ಓದಲು ಶುರುವಾಯಿತು. 2021ರ ಭೌತವಿಜ್ಞಾನದ ನೊಬೆಲ್ ಸಂಕೀರ್ಣ ವ್ಯವಸ್ಥೆಗಳ ಕೆಲಸಕ್ಕೇ ಸಿಕ್ಕಿತು. ಸ್ಯುಕುರೊ ಮನಾಬೆ, ಕ್ಲಾಸ್ ಹಾಸೆಲ್‌ಮನ್ ಭೂಮಿಯ ಹವಾಮಾನದ ಲೆಕ್ಕ ಹಾಕಿದವರು, ಜಾರ್ಜಿಯೊ ಪರಿಸಿ ಗೋಜಲಾದ ವಸ್ತುಗಳೊಳಗಿನ ನಿಯಮ ಹುಡುಕಿದವರು.

ಕಂಪ್ಯೂಟರ್ ಸೈನ್ಸ್ ಪಾಠದಲ್ಲಿ ಬರುವ ಟೈಮ್ ಕಾಂಪ್ಲೆಕ್ಸಿಟಿ ಇದೇನಾ?

ಅಲ್ಲ. ಅದು ಬೇರೆ ಅಳತೆ. ಲೆಕ್ಕದ ಗಾತ್ರ ಬೆಳೆದ ಹಾಗೆ ಅದನ್ನು ಬಿಡಿಸಲು ಬೇಕಾದ ಹೆಜ್ಜೆಗಳು ಎಷ್ಟು ಬೇಗ ಬೆಳೆಯುತ್ತವೆ ಅನ್ನುವುದು ಅಲ್ಲಿನ ಪ್ರಶ್ನೆ.

ಅಕ್ಷರ ಕ್ರಮದಲ್ಲಿರುವ ಮತದಾರರ ಪಟ್ಟಿಯಲ್ಲಿ ಸಾವಿರ ಹೆಸರಿದ್ದರೆ, ಪ್ರತಿ ಸಲ ಅರ್ಧ ಭಾಗ ಬಿಡುತ್ತಾ ಹೋದರೆ ಸುಮಾರು 10 ಹೆಜ್ಜೆಯಲ್ಲಿ ಬೇಕಾದ ಹೆಸರು ಸಿಗುತ್ತದೆ. ಹತ್ತು ಲಕ್ಷ ಹೆಸರಿದ್ದರೂ ಸುಮಾರು 20 ಹೆಜ್ಜೆ ಸಾಕು. ಈಗ ಹಾಲಿನ ಲಾರಿ ನೋಡಿ. ಶೀತಲ ಕೇಂದ್ರದಿಂದ ಹೊರಟು ಎಲ್ಲ ಊರಿನ ಹಾಲು ಎತ್ತಿಕೊಂಡು ವಾಪಸ್ ಬರಬೇಕು, ದೂರ ಅತಿ ಕಡಿಮೆ ಇರಬೇಕು. 5 ಊರಾದರೆ 120 ರೀತಿಯಲ್ಲಿ ಹೋಗಬಹುದು. 10 ಊರಾದರೆ 36,28,800. 15 ಊರಿಗೆ 1.3 ಲಕ್ಷ ಕೋಟಿ ದಾಟುತ್ತದೆ. ಎಲ್ಲವನ್ನೂ ಒಂದೊಂದಾಗಿ ನೋಡದೆ ಇಂಥ ಲೆಕ್ಕಗಳನ್ನು ಯಾವಾಗಲೂ ಬೇಗ ಬಿಡಿಸುವ ದಾರಿ ಇದೆಯಾ? 1971ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸ್ಟೀಫನ್ ಕುಕ್ ಸ್ಪಷ್ಟವಾಗಿ ಮುಂದಿಟ್ಟ ಈ ಬಗೆಯ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಪಿ ಮತ್ತು ಎನ್‌ಪಿ ಪ್ರಶ್ನೆ ಅಂದರೆ ಇದೇ. ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿದೆ. ನಮ್ಮವರ ದೊಡ್ಡ ಸಾಧನೆಯೂ ಈ ಕ್ಷೇತ್ರದಲ್ಲಿದೆ. ಒಂದು ಸಂಖ್ಯೆ ಅವಿಭಾಜ್ಯವೇ ಅಂತ ಬೇಗ, ಖಚಿತವಾಗಿ ಹೇಳುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು.

ಕಾಲ್ಮಗೊರೊವ್ ಸಂಕೀರ್ಣತೆ?

ರಷ್ಯಾದ ಗಣಿತಜ್ಞ ಕಾಲ್ಮಗೊರೊವ್ ಹೆಸರಿನ ಅಳತೆ ಇದು. ಒಂದು ಸಾಲನ್ನು ಬರೆದುಕೊಡುವ ಅತಿ ಚಿಕ್ಕ ಕಂಪ್ಯೂಟರ್ ಪ್ರೋಗ್ರಾಂ ಎಷ್ಟು ಉದ್ದ ಇದೆಯೋ ಅದೇ ಆ ಸಾಲಿನ ಸಂಕೀರ್ಣತೆ. "ಕೋಲಾರ" ಅಂತ ಸಾವಿರ ಸಲ ಬರೆದ ಪುಟಕ್ಕೆ ಚಿಕ್ಕ ಸೂಚನೆ ಸಾಕು. ಮನಸ್ಸಿಗೆ ಬಂದ ಹಾಗೆ ಅಕ್ಷರ ಉದುರಿಸಿದ ಪುಟಕ್ಕೆ ಆ ಪುಟವನ್ನೇ ಪೂರ್ತಿ ಕೊಡಬೇಕು. ಈ ಅಳತೆಯಲ್ಲಿ ಬರೀ ಅಸ್ತವ್ಯಸ್ತಕ್ಕೇ ಜಾಸ್ತಿ ಅಂಕ. ಕೆರೆ ಸರಪಳಿಯ ಸಂಕೀರ್ಣತೆ ಅಂತ ನಾವು ಹೇಳುವಾಗ ಇದನ್ನು ಹೇಳುತ್ತಿಲ್ಲ.

ಸಂಕೀರ್ಣ ಅಂದ್ರೆ ನಮ್ಮ ಕೈಯಲ್ಲಿ ಏನೂ ಆಗಲ್ಲ ಅಂತನಾ?

ಖಂಡಿತ ಅಲ್ಲ. ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು ನೀರುಗಂಟಿಯ ಕಡೆ ಕೈ ತೋರಿಸುತ್ತೇನೆ. ಅವನ ಬಳಿ ಕಂಪ್ಯೂಟರ್ ಇರಲಿಲ್ಲ. ಮುಂದಿನ ತಿಂಗಳ ಮಳೆ ಎಷ್ಟು ಅಂತ ಅವನಿಗೆ ಗೊತ್ತಿರಲಿಲ್ಲ. ಕೆರೆ ನೋಡುತ್ತಿದ್ದ, ಗದ್ದೆ ನೋಡುತ್ತಿದ್ದ, ಸ್ವಲ್ಪ ಬಿಟ್ಟು ಏನಾಗುತ್ತದೆ ಅಂತ ಕಾಯುತ್ತಿದ್ದ, ತಿದ್ದಿಕೊಳ್ಳುತ್ತಿದ್ದ. ನೀರು ಕಡಿಮೆ ಇದ್ದ ವರ್ಷ ಊರಿನವರು ಕೂತು ಎಷ್ಟು ಗದ್ದೆ ನೆಡಬೇಕು ಅಂತ ಮೊದಲೇ ಮಾತಾಡಿಕೊಳ್ಳುತ್ತಿದ್ದರು. ಆ ಪದ್ಧತಿಯಲ್ಲಿ ಜಾತಿಯ ಅನ್ಯಾಯ ಇತ್ತು. ನೀರು ಹಂಚುವವನಿಗೆ ಬಹಳ ಕಡೆ ಸ್ವಂತ ಗದ್ದೆ ಇರಲಿಲ್ಲ. ಅದು ಹಾಗೇ ವಾಪಸ್ ಬರಲಿ ಅಂತ ನಾನು ಕೇಳುವುದಿಲ್ಲ. ಆದರೆ ದಿನಾ ನೋಡುವ ಕಣ್ಣು, ಕೂತು ಮಾತಾಡುವ ಅಭ್ಯಾಸ ಹೋದದ್ದು ನಷ್ಟ.

ನೀರಾವರಿ, ಮೀನುಗಾರಿಕೆ, ಕಾಡು ಇಂಥ ಹಂಚಿಕೊಳ್ಳುವ ಆಸ್ತಿಗಳನ್ನು ಜನರೇ ಸೇರಿ ಚೆನ್ನಾಗಿ ನಡೆಸಬಲ್ಲರು ಅಂತ ಎಲಿನೋರ್ ಆಸ್ಟ್ರಮ್ ತೋರಿಸಿದರು. ನೇಪಾಳದ ರೈತರ ಕಾಲುವೆಗಳನ್ನೂ ಅವರು ಅಧ್ಯಯನ ಮಾಡಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು.

ಕೆಲಸ ಮಾಡುವ ಕ್ರಮ ಮಾತ್ರ ಬದಲಾಗಬೇಕು. ಒಂದೇ ಸಲ ದೊಡ್ಡದಾಗಿ ಮಾಡಿ ಮರೆಯುವ ಬದಲು ಸ್ವಲ್ಪ ಮಾಡಿ, ನೋಡಿ, ತಿದ್ದುವುದು. ನೀಲಗಿರಿಯ ವಿಷಯದಲ್ಲಿ ನಾವು ಹಾಗೆ ಮಾಡಲಿಲ್ಲ. ಬೇಗ ಬೆಳೆಯುವ ಮರ, ಸೌದೆಗಾಯಿತು, ಹಣವೂ ಬರುತ್ತದೆ ಅಂತ ಜಿಲ್ಲೆ ತುಂಬಾ ನೆಟ್ಟೆವು. ಅದು ನೆಲದ ನೀರು ಹೀರುತ್ತದೆ ಅಂತ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಎಷ್ಟೋ ಕೆರೆಗಳ ಜಲಾನಯನವೇ ನೀಲಗಿರಿ ತೋಪಾಗಿತ್ತು.

ಬರೆಯುವಾಗ ಈ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು?

"ಅರ್ಜಿ ಹಾಕುವ ವಿಧಾನ ಸಂಕೀರ್ಣವಾಗಿದೆ" ಅಂತ ಬರೆಯುತ್ತಾರೆ. ಹತ್ತು ಕಾಗದ, ಐದು ಕಚೇರಿ ಅಲೆಯಬೇಕು ಅನ್ನುವುದಷ್ಟೇ ಅರ್ಥವಾದರೆ "ತೊಡಕಾಗಿದೆ" ಅನ್ನಿ, ಚೆನ್ನಾಗಿರುತ್ತದೆ. "ಈ ಪ್ರಮೇಯ ಸಂಕೀರ್ಣ" ಅನ್ನುವ ಬದಲು "ಕಷ್ಟ" ಅಥವಾ "ಉದ್ದ" ಅನ್ನಿ. "ಅಂತರ್ಜಲ, ಬೆಳೆ, ಬೆಲೆ ಇವುಗಳ ಸಂಬಂಧ ಸಂಕೀರ್ಣ" ಅನ್ನುವಲ್ಲಿ ಪದ ಸರಿಯಾದ ಜಾಗದಲ್ಲಿದೆ.

ವರದಿ ಬರೆಯುವವರಿಗೆ ನನ್ನದೊಂದು ಕೋರಿಕೆ. ಸಂಕೀರ್ಣ ಅಂತ ಬರೆದರೆ ಮುಂದಿನ ಸಾಲಿನಲ್ಲಿ ಕನಿಷ್ಠ ಎರಡು ಕೊಂಡಿಗಳನ್ನಾದರೂ ಹೆಸರಿಸಿ. "ಕೊಳವೆಬಾವಿ ಸಮಸ್ಯೆ ಸಂಕೀರ್ಣವಾಗಿದೆ. ಆಳ ಹೆಚ್ಚಿದಂತೆ ಫ್ಲೋರೈಡ್ ಹೆಚ್ಚುತ್ತಿದೆ, ಕೆರೆ ಕಾಲುವೆ ಮುಚ್ಚಿದ್ದರಿಂದ ಇಂಗುವ ನೀರು ಕಡಿಮೆಯಾಗಿದೆ." ಹೀಗೆ ಬರೆದರೆ ಓದಿದವರಿಗೆ ಯಾರನ್ನು ಕೇಳಬೇಕು ಅನ್ನುವುದಾದರೂ ಗೊತ್ತಾಗುತ್ತದೆ. ಸಭೆಯಲ್ಲಿ ಅಧಿಕಾರಿಯೊಬ್ಬರು ಸಂಕೀರ್ಣ ಅಂದಾಗಲೂ ಎದ್ದು ಇದನ್ನೇ ಕೇಳಿ: ಸ್ವಾಮಿ, ಯಾವುದು ಯಾವುದಕ್ಕೆ ತಗುಲಿಕೊಂಡಿದೆ?

ಶಾಲೆ ಮಕ್ಕಳಿಗೆ ಇದನ್ನು ತೋರಿಸೋದು ಹೇಗೆ?

ನಿಮ್ಮೂರ ಕೆರೆಯ ಕೋಡಿಯಿಂದ ಶುರು ಮಾಡಿ. ಕೋಡಿ ನೀರು ಹೋಗುವ ದಾರಿಯಲ್ಲಿ ಮಕ್ಕಳನ್ನು ಮುಂದಿನ ಕೆರೆವರೆಗೆ ನಡೆಸಿಕೊಂಡು ಹೋಗಿ. ದಾರಿಯಲ್ಲಿ ಕಾಲುವೆ ಎಲ್ಲಿ ಕಿರಿದಾಗಿದೆ, ಎಲ್ಲಿ ಮಣ್ಣು ತುಂಬಿದ್ದಾರೆ, ಎಲ್ಲಿ ರಸ್ತೆ ದಾಟಿದೆ, ಸುತ್ತ ಯಾವ ಬೆಳೆ ಇದೆ ಅಂತ ಗುರುತು ಹಾಕಿಸಿ. ಇನ್ನೊಂದು ದಿನ ಮೇಲಿನ ಕೆರೆಗೆ. ದೊಡ್ಡ ಹಾಳೆಯ ಮೇಲೆ ಕೆರೆಗಳನ್ನು ಬರೆಸಿ, ನಡುವೆ ಬಾಣ ಹಾಕಿಸಿ. ಆಮೇಲೆ ಬೋರುಗಳು, ತೋಪುಗಳು, ಇಟ್ಟಿಗೆ ಗೂಡುಗಳನ್ನು ಸೇರಿಸಿ. ಪ್ರತಿ ಬಾಣಕ್ಕೂ ಒಂದು ಪ್ರಶ್ನೆ ಕೇಳಿಸಿ: ಇದು ಜಾಸ್ತಿಯಾದರೆ ಅದು ಜಾಸ್ತಿಯಾಗುತ್ತದೋ, ಕಡಿಮೆಯಾಗುತ್ತದೋ? ಊರಿನ ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋದರೆ ಮುಚ್ಚಿಹೋದ ಕಾಲುವೆಗಳೂ ನಕ್ಷೆಗೆ ಸೇರುತ್ತವೆ. ಡಿಸೆಂಬರ್ ತಿಂಗಳು ಇದಕ್ಕೆ ಒಳ್ಳೆಯದು. ಮಳೆ ಮುಗಿದಿರುತ್ತದೆ, ಯಾವ ಕೆರೆಗೆ ನೀರು ಬಂತು, ಯಾವುದಕ್ಕೆ ಬರಲಿಲ್ಲ ಅನ್ನುವುದು ಎದುರಿಗೇ ಕಾಣುತ್ತದೆ.